ಚಿಕಾನೊ ಗೋಡೆಚಿತ್ರದ ಮೇಲೆ ಯಾರೋ ಗೀಚಿದ್ದಾರೆ, ಈಗ ಏನು ಮಾಡಬೇಕು?

"ಥಿನ್ನರ್ ಹಾಕಿ ಒರೆಸಿದ್ರೆ ಹೋಗುತ್ತಾ?"

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಜಾಸ್ತಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ, ಲಾಸ್ ಏಂಜಲೀಸ್, ಬೇ ಏರಿಯಾ ಕಡೆ ಇರುವ ಕನ್ನಡದವರು. ಮಕ್ಕಳ ಶಾಲೆಯಿಂದ ಸ್ವಯಂಸೇವೆಗೆ ಹೋಗಿರುತ್ತಾರೆ, ಇಲ್ಲವೇ ದಿನಾ ಕೆಲಸಕ್ಕೆ ಹೋಗುವ ದಾರಿಯ ಚಿತ್ರವೊಂದರ ಮೇಲೆ ಒಂದು ಬೆಳಿಗ್ಗೆ ಕಪ್ಪು ಸ್ಪ್ರೇ ಕಂಡಿರುತ್ತದೆ. ಹೊಟ್ಟೆ ಉರಿಯುತ್ತದೆ. ಶನಿವಾರ ಹತ್ತು ಜನ ಸೇರಿ ಬಕೆಟ್ಟು, ಥಿನ್ನರ್, ಬ್ರಷ್ಷು ಹಿಡಿದು ಹೊರಟುಬಿಡೋಣ ಅನ್ನಿಸುತ್ತದೆ. ದಯವಿಟ್ಟು ಹೊರಡಬೇಡಿ. ಥಿನ್ನರ್ ಹಾಕಿದರೆ ಗೀಚಿದ್ದು ಹೋಗುತ್ತದೆ ನಿಜ, ಅದರ ಜೊತೆ ಕೆಳಗಿನ ಚಿತ್ರವೂ ಹೋಗುತ್ತದೆ. ಗೀಚಿದವನು ಮಾಡಿದ್ದಕ್ಕಿಂತ ದೊಡ್ಡ ಹಾನಿಯನ್ನು ಒಳ್ಳೆಯ ಮನಸ್ಸಿನವರು ಒಂದೇ ಮಧ್ಯಾಹ್ನದಲ್ಲಿ ಮಾಡಿರುವುದನ್ನು ನಾನು ನೋಡಿದ್ದೇನೆ.

ಮೊದಲು ಎರಡು ಮಾತು. ಚಿಕಾನೊ ಅಂದರೆ ಮೆಕ್ಸಿಕೊ ಮೂಲದ ಅಮೆರಿಕನ್ನರು 1960ರ ದಶಕದ ಹೋರಾಟದ ಕಾಲದಲ್ಲಿ ಹೆಮ್ಮೆಯಿಂದ ತಮ್ಮದಾಗಿಸಿಕೊಂಡ ಹೆಸರು. ಅವರ ಬಡಾವಣೆಗೆ ಬಾರಿಯೊ ಅನ್ನುತ್ತಾರೆ, ನಮ್ಮ ಕೇರಿ ಇದ್ದ ಹಾಗೆ. ಮ್ಯೂಸಿಯಂಗಳು ಅವರ ಕಲಾವಿದರಿಗೆ ಬಾಗಿಲು ತೆರೆಯದಿದ್ದ ಕಾಲದಲ್ಲಿ ಕೇರಿಯ ಗೋಡೆಗಳೇ ಮ್ಯೂಸಿಯಂ ಆದವು. ಸ್ಯಾನ್ ಡಿಯೇಗೊದ ಬಾರಿಯೊ ಲೋಗನ್ ಅನ್ನೇ ತಗೊಳ್ಳಿ. ಮೊದಲು ಹೆದ್ದಾರಿ ಬಂದು ಕೇರಿಯನ್ನು ಸೀಳಿತು, 1969ರಲ್ಲಿ ಕೊರೊನಾಡೊ ಸೇತುವೆ ತಲೆ ಮೇಲೆ ಬಂತು. ಸೇತುವೆ ಕೆಳಗಿನ ಜಾಗದಲ್ಲಿ ಪಾರ್ಕ್ ಮಾಡಿಕೊಡುತ್ತೇವೆ ಅಂದವರು ಅಲ್ಲಿ ಹೆದ್ದಾರಿ ಪೊಲೀಸ್ ಠಾಣೆ ಕಟ್ಟಲು ಬುಲ್ಡೋಜರ್ ತಂದರು. 1970ರ ಏಪ್ರಿಲ್ 22ರಂದು ಜನ ಹೋಗಿ ಆ ಜಾಗದಲ್ಲಿ ಕೂತರು, 12 ದಿನ ಬಿಡಲಿಲ್ಲ. ಹಾಗೆ ಹುಟ್ಟಿದ್ದು ಚಿಕಾನೊ ಪಾರ್ಕ್. 1973ರಿಂದ ಅದರ ಕಾಂಕ್ರೀಟ್ ಕಂಬಗಳ ಮೇಲೆ ಚಿತ್ರಗಳು ಏರತೊಡಗಿದವು. ಈಗ 80ಕ್ಕೂ ಹೆಚ್ಚು ಇವೆ. ಅಂಥ ಗೋಡೆಯನ್ನು ಯಾರನ್ನೂ ಕೇಳದೆ ತೊಳೆಯಲು ಹೋಗುವುದು ಬೇರೆಯವರ ಮನೆಯ ದೇವರ ಕೋಣೆಗೆ ಪೊರಕೆ ಹಿಡಿದು ನುಗ್ಗಿದ ಹಾಗೆ.

ಹಾಗಾಗಿ ಕೆಳಗಿನ ಎಲ್ಲ ಹಂತಗಳ ಹಿಂದೆ ಇರುವುದು ಒಂದೇ ಮಾತು: ಹೊಸದಾಗಿ ಮೇಲೆ ಬಂದು ಕೂತಿದ್ದನ್ನು ಮಾತ್ರ ತೆಗೆಯಿರಿ, ಅದನ್ನೂ ಆ ಕೇರಿಯವರ ಜೊತೆ ನಿಂತು ತೆಗೆಯಿರಿ.

ಏನೇನು ಬೇಕು

ಒಳ್ಳೆಯ ಕ್ಯಾಮೆರಾ, ಫೋನ್ ಆದರೂ ಸಾಕು. ಅಳತೆ ಟೇಪು, ನೋಟ್‌ಬುಕ್ಕು. ಮೆತ್ತನೆಯ ಕೂದಲಿನ ಬ್ರಷ್‌ಗಳು. ಒಂದು ದೊಡ್ಡ ಉರುಳೆ ಹತ್ತಿ ಮತ್ತು ಬಿದಿರಿನ ಕಡ್ಡಿಗಳು. ಅಂಗಡಿಯ ಕಿವಿಕಡ್ಡಿ ತುಂಬ ಚಿಕ್ಕದು, ನಾವೇ ಹತ್ತಿ ಸುತ್ತಿಕೊಳ್ಳುವುದು ಒಳ್ಳೆಯದು. ಖನಿಜ ತೆಗೆದ ನೀರು, ಅಂದರೆ ಡಿಅಯೋನೈಸ್ಡ್ ನೀರು, ನಲ್ಲಿ ನೀರಲ್ಲ. ಬಣ್ಣ, ವಾಸನೆ ಇಲ್ಲದ ಸೌಮ್ಯ ಡಿಟರ್ಜೆಂಟ್. ವಾಸನೆ ಕಡಿಮೆ ಇರುವ ಮಿನರಲ್ ಸ್ಪಿರಿಟ್ಸ್, ಇದು ಸೌಮ್ಯವಾದ ಒಂದು ದ್ರಾವಕ, ಅಂದರೆ ಬಣ್ಣ ಕರಗಿಸುವ ದ್ರವ. ನೈಟ್ರೈಲ್ ಗ್ಲೌಸು, ಕಣ್ಣಿಗೆ ಕನ್ನಡಕ. ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಕೋವಿಡ್ ಕಾಲದ ಎನ್-95 ಧೂಳು ತಡೆಯುತ್ತದೆ, ದ್ರಾವಕದ ಆವಿ ತಡೆಯುವುದಿಲ್ಲ. ಮುಚ್ಚಳ ಇರುವ ಲೋಹದ ಡಬ್ಬಿ ಒಂದು ಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬೇಡವಾದ್ದನ್ನೂ ಹೇಳಿಬಿಡುತ್ತೇನೆ. ಪ್ರೆಶರ್ ವಾಷರ್ ಬೇಡ. ತಂತಿ ಬ್ರಷ್ ಬೇಡ. ಅಂಗಡಿಯಲ್ಲಿ ಸಿಗುವ 'ಗ್ರಾಫಿಟಿ ರಿಮೂವರ್' ಬೇಡ, ಅದನ್ನು ಬರಿ ಇಟ್ಟಿಗೆ, ಬರಿ ಲೋಹಕ್ಕೆ ಅಂತ ಮಾಡಿರುತ್ತಾರೆ. ಅಸಿಟೋನ್ ಅಂತೂ ಬೇಡವೇ ಬೇಡ.

ಹಂತ 1: ಮುಟ್ಟಬೇಡಿ, ಫೋಟೊ ತೆಗೆಯಿರಿ

ಇಡೀ ಗೋಡೆ, ಆಮೇಲೆ ಅರ್ಧ, ಆಮೇಲೆ ಒಂದೊಂದು ಗೀಚಿದ ಜಾಗ, ಪಕ್ಕದಲ್ಲಿ ಅಳತೆ ಟೇಪು ಇಟ್ಟು. ಬೆಳಕು ಒಂದು ಬದಿಯಿಂದ ಬೀಳುವ ಹೊತ್ತಿನಲ್ಲಿ ಇನ್ನೊಂದು ಸುತ್ತು ತೆಗೆಯಿರಿ. ಬಣ್ಣ ಎದ್ದಿರುವುದು, ಸಣ್ಣ ಬಿರುಕು ಎಲ್ಲ ಆಗ ಕಾಣುತ್ತವೆ. ದಿನ, ಹೊತ್ತು ಬರೆದಿಡಿ.

ಗೀಚಿದ್ದು ಬರೀ ಹೆಸರಲ್ಲ, ದ್ವೇಷದ ಮಾತು ಅಥವಾ ಚಿಹ್ನೆ ಆಗಿದ್ದರೆ ಅದು ಅಪರಾಧದ ಸಾಕ್ಷಿ. ಪೊಲೀಸ್ ದೂರು ಆಗುವ ತನಕ ಒರೆಸಬೇಡಿ. 2015ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯಲ್ಲಿ ಗಲೇರಿಯಾ ದೆ ಲಾ ರಾಸಾ ಎಂಬ ಕಲಾ ಗ್ಯಾಲರಿಯ ಗೋಡೆಯ ಮೇಲೆ 'ಪೋರ್ ವಿದಾ' ಎಂಬ ಚಿತ್ರ ಇತ್ತು. ಸಲಿಂಗಿ ಮತ್ತು ಲಿಂಗಪರಿವರ್ತಿತ ಚಿಕಾನೊಗಳನ್ನು ತೋರಿಸಿದ ಚಿತ್ರ. ಅದರ ಮೇಲೆ ಮತ್ತೆ ಮತ್ತೆ ಸ್ಪ್ರೇ ಹೊಡೆದರು, ಕೊನೆಗೆ ಬೆಂಕಿಯನ್ನೂ ಹಚ್ಚಿದರು. ಅಂಥ ಕಡೆ ದಾಖಲೆ ಇಡುವುದೇ ಮೊದಲ ರಕ್ಷಣೆ. ಮಕ್ಕಳು ಓಡಾಡುವ ದಾರಿಯಲ್ಲಿ ಆ ಮಾತುಗಳು ಕಾಣಬಾರದು ಅಂತಿದ್ದರೆ ಮೇಲಿನಿಂದ ಬಟ್ಟೆ ಇಳಿಬಿಡಿ. ಗೋಡೆಗೆ ಟೇಪು ಅಂಟಿಸಬೇಡಿ, ಟೇಪಿನ ಜೊತೆ ಬಣ್ಣ ಕಿತ್ತು ಬರುತ್ತದೆ.

ಹಸಿ ಸ್ಪ್ರೇ ಪೇಂಟ್ ತೆಗೆಯುವುದು ಸುಲಭ, ದಿನ ಕಳೆದ ಹಾಗೆ ಗಟ್ಟಿಯಾಗುತ್ತದೆ, ಇದು ನಿಜ. ಆದರೂ ಒಂದು ವಾರ ತಡವಾದರೆ ಕೆಲಸ ಸ್ವಲ್ಪ ಕಷ್ಟವಾಗುತ್ತದೆ ಅಷ್ಟೆ, ಅವಸರದಲ್ಲಿ ತಪ್ಪು ದ್ರಾವಕ ಹಾಕಿದರೆ ಚಿತ್ರ ವಾಪಸ್ ಬರುವುದೇ ಇಲ್ಲ.

ಹಂತ 2: ಇದು ಯಾರ ಗೋಡೆ, ಯಾರ ಚಿತ್ರ?

ಇವೆರಡೂ ಬೇರೆ ಬೇರೆ ಪ್ರಶ್ನೆ. ಗೋಡೆ ಅಂಗಡಿಯವರದ್ದಿರಬಹುದು, ನಗರದ್ದಿರಬಹುದು, ಕ್ಯಾಲ್ಟ್ರಾನ್ಸ್ ಅಂದರೆ ಕ್ಯಾಲಿಫೋರ್ನಿಯಾದ ಸಾರಿಗೆ ಇಲಾಖೆಯದ್ದಿರಬಹುದು. ಚಿತ್ರದ ಮೇಲಿನ ಹಕ್ಕು ಕಲಾವಿದರದ್ದು. ಇವೆರಡನ್ನೂ ಮೀರಿ ಕೇರಿಯ ಒಂದು ಸಮಿತಿ ಇರುತ್ತದೆ. ಚಿಕಾನೊ ಪಾರ್ಕ್‌ನಲ್ಲಿ ಸ್ಟೀರಿಂಗ್ ಕಮಿಟಿ ಇದೆ. ಮಿಷನ್ ಬಡಾವಣೆಯಲ್ಲಿ 1977ರಿಂದ ಪ್ರೆಸಿಟಾ ಐಸ್ ಎಂಬ ಗೋಡೆಚಿತ್ರ ಸಂಸ್ಥೆ ಇದೆ. ಲಾಸ್ ಏಂಜಲೀಸ್‌ನಲ್ಲಿ ಕಲಾವಿದೆ ಜೂಡಿ ಬಾಕಾ ಮತ್ತು ಗೆಳತಿಯರು 1976ರಲ್ಲಿ ಕಟ್ಟಿದ ಸ್ಪಾರ್ಕ್, 1987ರ ಮ್ಯೂರಲ್ ಕನ್ಸರ್ವೆನ್ಸಿ (ಮ್ಯೂರಲ್ ಅಂದರೆ ಗೋಡೆಚಿತ್ರ) ಎಂಬ ಸಂಸ್ಥೆಗಳಿವೆ. ಮೊದಲ ಫೋನು ಇವರಿಗೆ.

ಕಾನೂನೂ ಇದೆ. ಕಲಾವಿದರ ಒಪ್ಪಿಗೆ ಇಲ್ಲದೆ ಕೃತಿಯನ್ನು ಹಾಳುಮಾಡುವುದನ್ನು, ತಿದ್ದುವುದನ್ನು ತಡೆಯಲು ಕ್ಯಾಲಿಫೋರ್ನಿಯಾದಲ್ಲಿ 1979ರ ಕಾಯ್ದೆ, ಇಡೀ ಅಮೆರಿಕಕ್ಕೆ 1990ರ ಕಾಯ್ದೆ ಇವೆ. ಎರಡೂ ಎಲ್ಲ ಹಳೆಯ ಗೋಡೆಚಿತ್ರಗಳಿಗೂ ಅನ್ವಯಿಸುವುದಿಲ್ಲ, ಆದರೆ ಸದರ ಮಾಡಬೇಡಿ. ಕೆಂಟ್ ಟ್ವಿಚೆಲ್ ಚಿಕಾನೊ ಕಲಾವಿದರಲ್ಲ, ಅವರ ಉದಾಹರಣೆ ಕೊಡುತ್ತಿರುವುದು ಕಾನೂನಿಗಾಗಿ. ಲಾಸ್ ಏಂಜಲೀಸ್‌ನಲ್ಲಿ ಅವರು ಬರೆದಿದ್ದ ದೊಡ್ಡ ಚಿತ್ರದ ಮೇಲೆ 2006ರಲ್ಲಿ ಹೇಳದೆ ಕೇಳದೆ ಬಣ್ಣ ಬಳಿದರು. 2008ರಲ್ಲಿ 11 ಲಕ್ಷ ಡಾಲರ್‌ಗೆ ರಾಜಿ ಆಯಿತು. "ನಾವು ಸರಿ ಮಾಡೋಕೆ ಹೋಗಿದ್ದು" ಅನ್ನುವುದು ಒಪ್ಪಿಗೆ ಪತ್ರದ ಬದಲಿಗೆ ನಡೆಯುವುದಿಲ್ಲ. ಗೋಡೆಯವರಿಂದ, ಕಲಾವಿದರಿಂದ ಬರಹದಲ್ಲಿ ಪಡೆಯಿರಿ. ಕಲಾವಿದರು ತೀರಿಕೊಂಡಿದ್ದರೆ ಮನೆಯವರನ್ನು ಕೇಳಿ.

ಹೆದ್ದಾರಿ ಪಕ್ಕದ ಗೋಡೆಯಾದರೆ ಪರವಾನಗಿ ಇಲ್ಲದೆ ಅಲ್ಲಿ ಕಾಲೇ ಇಡಬೇಡಿ. ಲಾಸ್ ಏಂಜಲೀಸ್‌ನ 101 ಹೆದ್ದಾರಿಯ ಒಲಿಂಪಿಕ್ ಮ್ಯೂರಲ್‌ಗಳು 1984ರವು. ಅವುಗಳ ಮೇಲಿನ ಕೆಲಸ ಒಂದು ಲೇನ್ ಮುಚ್ಚಿಸಿ, ಇಲಾಖೆಯವರ ಜೊತೆ ಸೇರಿ ಮಾಡುವಂಥದ್ದು.

ಹಂತ 3: ಯಾವುದು ಗೀಚಿದ್ದು, ಯಾವುದು ಚಿತ್ರ?

ಇದನ್ನು ಯಾರೂ ಕೇಳುವುದಿಲ್ಲ, ಆದರೆ ನನ್ನ ಪ್ರಕಾರ ಅತಿ ಮುಖ್ಯ ಹಂತ ಇದೇ. ಚಿಕಾನೊ ಕೇರಿಗಳಲ್ಲಿ ಗೋಡೆ ಬರಹಕ್ಕೆ ತನ್ನದೇ ಸಂಪ್ರದಾಯ ಇದೆ. ಅದಕ್ಕೆ ಪ್ಲಾಕಾ ಅನ್ನುತ್ತಾರೆ: ಕೋನ ಕೋನವಾದ ಅಕ್ಷರದಲ್ಲಿ ಕೇರಿಯ ಹೆಸರು, ಗುಂಪಿನ ಹೆಸರು, ತೀರಿಕೊಂಡ ಗೆಳೆಯನ ಹೆಸರು. ಈಸ್ಟ್ ಲಾಸ್ ಏಂಜಲೀಸ್‌ನ ಸಿಟಿ ಟೆರೆಸ್‌ನಲ್ಲಿ ಒಂದು ಓಣಿ ಇದೆ. 1972ರಲ್ಲಿ ಅಲ್ಲಿ ಕಲಾವಿದ ವಿಲ್ಲಿ ಹೆರೋನ್ ಅವರ ತಮ್ಮನಿಗೆ ಗ್ಯಾಂಗಿನವರು ಚಾಕು ಹಾಕಿದರು. ಹೆರೋನ್ ಅದೇ ಗೋಡೆಯ ಮೇಲೆ 'ದಿ ವಾಲ್ ದಟ್ ಕ್ರ್ಯಾಕ್ಡ್ ಓಪನ್' ಎಂಬ ಚಿತ್ರ ಬರೆದರು. ಗೋಡೆ ಮೇಲೆ ಮೊದಲೇ ಇದ್ದ ಗೀಚುಬರಹವನ್ನು ಅಳಿಸಲಿಲ್ಲ, ಚಿತ್ರದೊಳಗೆ ಸೇರಿಸಿಕೊಂಡರು. ಆ ಗೋಡೆಗೆ ಸ್ವಚ್ಛ ಮಾಡುವ ಉತ್ಸಾಹದಲ್ಲಿ ಯಾರಾದರೂ ಹೋದರೆ ಅಳಿಸುವುದು ಹೆರೋನ್ ಚಿತ್ರವನ್ನೇ, ಅಲ್ವಾ?

ಹಳೆಯ ಫೋಟೊ ಹುಡುಕಿ. ಸಮಿತಿಯ ಹತ್ತಿರ, ಗ್ರಂಥಾಲಯದಲ್ಲಿ, ಎದುರು ಮನೆಯ ಅಜ್ಜಿಯ ಆಲ್ಬಮ್ಮಿನಲ್ಲಿ. ಮದುವೆ, ಕಿನ್ಸಿನೇರಾ ಅಂದರೆ ಹುಡುಗಿಯರ 15ನೇ ಹುಟ್ಟುಹಬ್ಬದ ಫೋಟೊಗಳ ಹಿನ್ನೆಲೆಯಲ್ಲಿ ಈ ಗೋಡೆಗಳು ಎಷ್ಟೋ ಸಲ ಸಿಗುತ್ತವೆ. ಇವತ್ತಿನ ಫೋಟೊ ಪಕ್ಕ ಇಟ್ಟು ಯಾವುದು ಹೊಸದು ಅಂತ ಒಂದು ಪ್ರಿಂಟ್ ಮೇಲೆ ಗುರುತು ಹಾಕಿ. ಸಮಿತಿಯವರಿಗೆ ತೋರಿಸಿ, ಅವರು ಹೌದು ಅಂದ ಮೇಲೆ ಮುಂದಿನ ಹಂತ. ನೀಟಾಗಿಲ್ಲದ ಅಕ್ಷರದಲ್ಲಿ ಮೂಲೆಯಲ್ಲಿ ಬರೆದ ಹೆಸರುಗಳು ಸತ್ತವರ ಹೆಸರಾಗಿರಬಹುದು.

ಹಂತ 4: ಗೋಡೆಯ ಆರೋಗ್ಯ ನೋಡಿ

ಕಪ್ಪು ಬಟ್ಟೆಯಿಂದ ಬಣ್ಣವನ್ನು ಮೆಲ್ಲಗೆ ಸವರಿ. ಬಟ್ಟೆಗೆ ಪುಡಿ ಅಂಟಿದರೆ ಬಣ್ಣ ಸುಣ್ಣದ ಹಾಗೆ ಉದುರುತ್ತಿದೆ ಅಂತ ಅರ್ಥ. ಇದಕ್ಕೆ ಚಾಕಿಂಗ್ ಅನ್ನುತ್ತಾರೆ. ಅಂಥ ಕಡೆ ಒದ್ದೆ ಕೆಲಸ ಮಾಡಬಾರದು. ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ, ಟೊಳ್ಳು ಸದ್ದು ಬಂದರೆ ಒಳಗೆ ಗಾರೆ ಬಿಟ್ಟಿದೆ. ಬಿಳಿ ಉಪ್ಪು ಮೂಡಿದ್ದರೆ ಹಿಂದಿನಿಂದ ನೀರು ಬರುತ್ತಿದೆ.

ನೀರಿನ ಬಗ್ಗೆ ಒಂದು ಸುಲಭ ಪರೀಕ್ಷೆ ಇದೆ. 18 ಇಂಚು ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಯ ಚಿತ್ರ ಇಲ್ಲದ ಭಾಗದಲ್ಲಿ ನಾಲ್ಕೂ ಅಂಚು ಮುಚ್ಚಿ ಅಂಟಿಸಿ. ಕನಿಷ್ಠ 16 ಗಂಟೆ ಬಿಟ್ಟು ತೆಗೆಯಿರಿ. ಒಳಗೆ ಹನಿ ಕಂಡರೆ ಗೋಡೆ ಇನ್ನೂ ಒದ್ದೆ. ಆಗ ಮೊದಲು ರಿಪೇರಿ ಆಗಬೇಕಾದದ್ದು ಚಾವಣಿ, ಪೈಪು, ಚರಂಡಿ. ಚಿತ್ರ ಆಮೇಲೆ. ಪಕ್ಕದ ಹುಲ್ಲಿಗೆ ಬಿಡುವ ಸ್ಪ್ರಿಂಕ್ಲರ್ ನೀರು ದಿನಾ ಗೋಡೆಗೆ ಬಡಿಯುತ್ತಿದ್ದರೆ ಅದರ ಮೂತಿ ತಿರುಗಿಸಿ. ಎಷ್ಟೋ ಗೋಡೆಗಳ ಅರ್ಧ ಕಾಯಿಲೆ ಅದರಿಂದಲೇ ಬಂದಿರುತ್ತದೆ.

ಇನ್ನೊಂದು ಎಚ್ಚರಿಕೆ. 1970ರ ದಶಕದಲ್ಲಿ ಕಲಾವಿದರ ಕೈಯಲ್ಲಿ ದುಡ್ಡಿರಲಿಲ್ಲ. ದಾನವಾಗಿ ಬಂದ ಮನೆ ಪೇಂಟು, ಎನಾಮಲ್, ಸಿಕ್ಕಿದ್ದೆಲ್ಲ ಹಚ್ಚಿದರು. ಅಮೆರಿಕದಲ್ಲಿ ಮನೆ ಪೇಂಟಿನಲ್ಲಿ ಸೀಸ ನಿಂತಿದ್ದು 1978ರಲ್ಲಿ. ಹಾಗಾಗಿ ಹಳೆಯ ಗೋಡೆಯನ್ನು ಸೀಸದ ಪರೀಕ್ಷೆ ಆಗದೆ ಉಜ್ಜಬೇಡಿ, ಕೆರೆಯಬೇಡಿ. ಮಕ್ಕಳು ಜೊತೆಗಿದ್ದರೆ ಇದರಲ್ಲಿ ರಿಯಾಯಿತಿಯೇ ಇಲ್ಲ.

ಹಂತ 5: ಸಣ್ಣ ಚೌಕದಲ್ಲಿ ಪರೀಕ್ಷೆ

ಈಗಿನ ಹೆಚ್ಚಿನ ಮ್ಯೂರಲ್‌ಗಳು ಅಕ್ರಿಲಿಕ್. ಸ್ಪ್ರೇ ಪೇಂಟ್ ಕರಗಿಸುವ ಅಸಿಟೋನ್, ಜೈಲೀನ್ ಎರಡೂ ಅಕ್ರಿಲಿಕ್ಕನ್ನೂ ಕರಗಿಸುತ್ತವೆ. ಆಲ್ಕೋಹಾಲ್ ಕೂಡ ಅದನ್ನು ಮೆತ್ತಗೆ ಮಾಡುತ್ತದೆ. ಇಡೀ ಸಮಸ್ಯೆ ಇಲ್ಲೇ ಇರುವುದು. ಮೇಲಿನದೂ ಕೆಳಗಿನದೂ ಒಂದೇ ಜಾತಿಯ ವಸ್ತು, ಮೇಲಿನದನ್ನು ಮಾತ್ರ ಎತ್ತಬೇಕು.

ಅದಕ್ಕೇ ಕಣ್ಣಿಗೆ ಬೀಳದ ಮೂಲೆಯಲ್ಲಿ 2 ಸೆಂಟಿಮೀಟರ್ ಚೌಕಗಳನ್ನು ಆರಿಸಿಕೊಳ್ಳಿ. ಚಿತ್ರದ ಪ್ರತಿ ಬಣ್ಣಕ್ಕೂ ಬೇರೆ ಚೌಕ. ಕೆಂಪು ತಡೆದುಕೊಂಡಿದ್ದನ್ನು ಕಪ್ಪು ತಡೆಯದೇ ಇರಬಹುದು. ಕ್ರಮ ಹೀಗಿರಲಿ: ಒಣ ಹತ್ತಿ, ಬರೀ ನೀರು, ಒಂದು ಹನಿ ಡಿಟರ್ಜೆಂಟ್ ಹಾಕಿದ ನೀರು, ಮಿನರಲ್ ಸ್ಪಿರಿಟ್ಸ್. ಪ್ರತಿ ಸಲ ಹತ್ತಿಯನ್ನು ನೋಡಿ. ಗೀಚಿದ ಬಣ್ಣ ಬಂದರೆ ಸರಿ, ಚಿತ್ರದ ಬಣ್ಣ ಒಂದಿಷ್ಟು ಕಂಡರೂ ನಿಲ್ಲಿಸಿ. ಯಾವುದಕ್ಕೆ ಏನಾಯಿತು ಅಂತ ಬರೆಯುತ್ತಾ ಹೋಗಿ.

ಇಲ್ಲಿ ಗೋಡೆಗೆ ಮೊದಲೇ ರಕ್ಷಣಾ ಪದರ ಹಚ್ಚಿದ್ದಾರಾ ಅಂತಲೂ ತಿಳಿಯುತ್ತದೆ. ಮಿನರಲ್ ಸ್ಪಿರಿಟ್ಸ್‌ನಲ್ಲಿ ಕರಗುವ ಅಕ್ರಿಲಿಕ್ ವಾರ್ನಿಷ್ ಇದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ: ವಾರ್ನಿಷ್ ಕರಗುತ್ತಾ ಮೇಲಿನ ಸ್ಪ್ರೇಯನ್ನೂ ಎತ್ತಿಕೊಂಡು ಬರುತ್ತದೆ, ಕೆಳಗಿನ ಅಕ್ರಿಲಿಕ್ ಹಾಗೇ ಇರುತ್ತದೆ. ಮೇಣದ ಪದರ ಇದ್ದರೆ ಬಿಸಿನೀರಿಗೇ ಬಿಡುತ್ತದೆ. ಏನೂ ಇಲ್ಲದಿದ್ದರೆ, ನೀರಿಗೂ ಸ್ಪಿರಿಟ್ಸ್‌ಗೂ ಗೀಚು ಬಗ್ಗದಿದ್ದರೆ, ನಿಮ್ಮ ಕೈಯ ಕೆಲಸ ಅಲ್ಲಿಗೆ ಮುಗಿಯಿತು. ಕನ್ಸರ್ವೇಟರ್ ಅಂದರೆ ಕಲಾಕೃತಿ ಸಂರಕ್ಷಣೆಯಲ್ಲಿ ತರಬೇತಿ ಪಡೆದವರು ಬೇಕು. ಅಮೆರಿಕನ್ ಇನ್‌ಸ್ಟಿಟ್ಯೂಟ್ ಫಾರ್ ಕನ್ಸರ್ವೇಶನ್ ಇಂಥವರ ಪಟ್ಟಿಯನ್ನು ಎಲ್ಲರಿಗೂ ತೆರೆದಿಟ್ಟಿದೆ.

ಹಂತ 6: ತೊಳೆಯುವುದು, ಎತ್ತುವುದು

ಮೊದಲು ಒಣ ಬ್ರಷ್‌ನಿಂದ ಧೂಳು, ಉಪ್ಪು ಎರಡನ್ನೂ ತೆಗೆಯಿರಿ. ಉಪ್ಪಿಗೆ ನೀರು ಹಾಕಿದರೆ ಅದು ಕರಗಿ ಮತ್ತೆ ಗೋಡೆಯೊಳಗೆ ಹೋಗುತ್ತದೆ. ಆಮೇಲೆ ಡಿಟರ್ಜೆಂಟ್ ನೀರಿನಲ್ಲಿ ಕೆಳಗಿನಿಂದ ಮೇಲಕ್ಕೆ ತೊಳೆಯಿರಿ. ತಲೆಕೆಳಗಾಗಿ ಹೇಳುತ್ತಿದ್ದೇನೆ ಅನ್ನಿಸಬಹುದು. ಮೇಲಿನಿಂದ ಶುರು ಮಾಡಿದರೆ ಕೊಳೆನೀರು ಒಣಗಿದ ಗೋಡೆ ಮೇಲೆ ಗೆರೆ ಎಳೆಯುತ್ತಾ ಇಳಿಯುತ್ತದೆ, ಆ ಗೆರೆ ಕೆಲವೊಮ್ಮೆ ಹೋಗುವುದೇ ಇಲ್ಲ. ಕೊನೆಯಲ್ಲಿ ಬರೀ ನೀರಿನಿಂದ ಮೇಲಿನಿಂದ ಕೆಳಕ್ಕೆ ಜಾಲಾಡಿಸಿ. ಕೊಳೆನೀರು ಬೀದಿ ಚರಂಡಿಗೆ ಹೋಗದ ಹಾಗೆ ಬಟ್ಟೆ ಸುರುಳಿ ಅಡ್ಡ ಇಟ್ಟು ಹಿಡಿಯಿರಿ, ಇಲ್ಲಿ ಹೆಚ್ಚಿನ ಕಡೆ ಮಳೆ ಚರಂಡಿ ನೇರ ಸಮುದ್ರಕ್ಕೆ ಹೋಗುತ್ತದೆ.

ಈಗ ಗೀಚಿದ್ದು. 5 ಸೆಂಟಿಮೀಟರ್ ಚೌಕ, ಅದಕ್ಕಿಂತ ದೊಡ್ಡದು ಬೇಡ. ಹತ್ತಿಯನ್ನು ಅದ್ದಿ, ಹಿಂಡಿ, ಗೀಚಿನ ಮೇಲೆ ಉರುಳಿಸಿ. ಉಜ್ಜಬೇಡಿ, ಉರುಳಿಸಿ. ಚಪಾತಿ ಲಟ್ಟಣಿಗೆ ಹೇಗೆ ಉರುಳುತ್ತದೋ ಹಾಗೆ, ಆದರೆ ಭಾರ ಹಾಕದೆ. ಮೊದಲ ಸುತ್ತಿಗೆ ಏನೂ ಆಗುವುದಿಲ್ಲ. ಎರಡನೇ ಸುತ್ತಿಗೆ ಹತ್ತಿಯ ತುದಿಗೆ ಕಪ್ಪು ಒಂದು ನೆರಳಿನ ಹಾಗೆ ಅಂಟುತ್ತದೆ. ಮೂರನೆಯದಕ್ಕೆ ಗೀಚಿನ ಅಂಚು ಸುಕ್ಕಾಗಿ ಏಳುತ್ತದೆ, ಆ ಸುಕ್ಕಿನ ಕೆಳಗೆ ಗ್ವಾಡಲೂಪೆ ಅಮ್ಮನ (ಮೆಕ್ಸಿಕೊದವರು ಪೂಜಿಸುವ ಮೇರಿಮಾತೆಯ) ನೀಲಿ ಸೆರಗಿನ ಒಂದು ನಕ್ಷತ್ರ ಇಣುಕುತ್ತದೆ. ಪ್ರತಿ ಸುತ್ತಿಗೂ ಕಡ್ಡಿ ಎಸೆದು ಹೊಸದು ತಗೊಳ್ಳಿ. ಒಂದು ಕಡ್ಡಿ ಒಂದು ಉರುಳಿಗೆ ಮಾತ್ರ. ಬಳಸಿದ ಕಡ್ಡಿಯನ್ನೇ ಮತ್ತೆ ಇಟ್ಟರೆ ಎತ್ತಿದ ಕಪ್ಪನ್ನು ನೀವೇ ನಕ್ಷತ್ರದ ಮೇಲೆ ಹರಡುತ್ತೀರಿ. ಒಂದು ಅಕ್ಷರಕ್ಕೆ ಇಡೀ ಬೆಳಿಗ್ಗೆ ಹೋಗಬಹುದು, ಬೇಸರ ಮಾಡಿಕೊಳ್ಳಬೇಡಿ.

ಅಂಚಿನಿಂದ ನಡುವಿಗೆ ಬನ್ನಿ, ನಡುವಿನಿಂದ ಅಂಚಿಗಲ್ಲ. ಬಿಸಿಲು ನೇರ ಬೀಳುವಾಗ ಕೆಲಸ ನಿಲ್ಲಿಸಿ, ದ್ರಾವಕ ಆರಿಹೋಗುತ್ತದೆ, ಬಣ್ಣ ಬಿಸಿಗೆ ಮೆತ್ತಗಾಗಿರುತ್ತದೆ.

ಕನ್ಸರ್ವೇಟರ್ ಬಂದರೆ ಅವರು ಹೆಚ್ಚಾಗಿ ದ್ರಾವಕವನ್ನು ಗಂಜಿಯ ಹದದ ಜೆಲ್ ಮಾಡಿ ಹಚ್ಚುತ್ತಾರೆ. ಜೆಲ್ ಮೇಲೆಯೇ ಕೂರುತ್ತದೆ, ಕೆಳಗೆ ಇಳಿಯುವುದಿಲ್ಲ. ಅದು ಎಷ್ಟು ಹೊತ್ತು ಇರಬೇಕು ಅನ್ನುವುದರಲ್ಲೇ ಅವರ ವಿದ್ಯೆ ಇರುವುದು. ನೋಡಿದ್ದೇನೆ, ಮಾಡಬಲ್ಲೆ ಅಂತ ಹೋಗಬೇಡಿ.

ಎಲ್ಲ ತೆಗೆದ ಮೇಲೂ ಮಂಕಾದ ಒಂದು ಗುರುತು ಉಳಿಯುತ್ತದೆ. ಅದಕ್ಕೆ ಘೋಸ್ಟ್ ಅನ್ನುತ್ತಾರೆ. ಅದನ್ನು ಪೂರ್ತಿ ಓಡಿಸಲು ಹೊರಟವರೇ ಚಿತ್ರಕ್ಕೆ ತೂತು ಮಾಡುವುದು. 10 ಅಡಿ ಹಿಂದೆ ನಿಂತು ನೋಡಿ. ಅಲ್ಲಿಂದ ಕಾಣದಿದ್ದರೆ ಬಿಟ್ಟುಬಿಡಿ, ಕಂಡರೆ ಹಂತ 8ರಲ್ಲಿ ಬಣ್ಣದಿಂದ ಮರೆಸಬಹುದು.

ಮುಚ್ಚಳದ ಡಬ್ಬಿ ಈಗ ಬೇಕು. ದ್ರಾವಕ ಹತ್ತಿದ ಹತ್ತಿ, ಬಟ್ಟೆ ಎಲ್ಲ ಅದರೊಳಗೆ, ನೀರು ಹಾಕಿ ಮುಚ್ಚಿಡಿ. ಅವನ್ನು ರಾಶಿ ಹಾಕಿ ಬಿಟ್ಟರೆ ಬೆಂಕಿ ಹೊತ್ತಿಕೊಳ್ಳಬಹುದು. ಆಮೇಲೆ ನಿಮ್ಮ ಕೌಂಟಿಯ ಅಪಾಯಕಾರಿ ಕಸದ ಕೇಂದ್ರಕ್ಕೆ ಕೊಡಿ.

ಚಿತ್ರದ ಮೇಲೆ ಗೀಚಿದ್ದಕ್ಕಿಂತ ಅದನ್ನು ಮುಚ್ಚಲು ಯಾರೋ ಬಳಿದ ಬೂದು ಬಣ್ಣವೇ ಜಾಸ್ತಿ ಇರುವ ಗೋಡೆಗಳೂ ಇವೆ. ಇದಕ್ಕೆ ಬಫ್ ಮಾಡುವುದು ಅನ್ನುತ್ತಾರೆ. ಅದು ಇನ್ನೂ ಕಷ್ಟ, ಯಾಕಂದರೆ ಇಡೀ ಹಾಸು ಒಂದೇ ಗಟ್ಟಿ ಪದರ. ಆದರೆ ಬೂದು ಬಣ್ಣದ ಕೆಳಗೆ ಚಿತ್ರ ಸತ್ತಿಲ್ಲ ಅನ್ನುವುದನ್ನು ಮರೆಯಬೇಡಿ. 101 ಹೆದ್ದಾರಿಯ ಕೆಲವು ಚಿತ್ರಗಳನ್ನು ಗೀಚುವವರಿಂದ ಉಳಿಸಲು ಬೇಕೆಂದೇ ಹೊದಿಸಿ ಬೂದು ಬಣ್ಣ ಬಳಿದು ಮಲಗಿಸಿದ್ದರು, ವರ್ಷಗಳ ಮೇಲೆ ಹೊರಗೆ ತೆಗೆದರು.

ಹಂತ 7: ಸಡಿಲ ಬಣ್ಣವನ್ನು ಹಿಡಿಸುವುದು

ಚಿಕ್ಕ ಹಂತ, ಆದರೆ ಕೈ ನಡುಗಬಾರದು. ಎದ್ದು ನಿಂತ ಬಣ್ಣದ ಹಪ್ಪಳದ ಹಿಂದೆ ತೆಳು ಅಕ್ರಿಲಿಕ್ ಅಂಟನ್ನು ಸಿರಿಂಜಿನಿಂದ ಬಿಟ್ಟು, ಸಿಲಿಕೋನ್ ಕಾಗದ ಇಟ್ಟು, ಬೆರಳಲ್ಲಿ ಒತ್ತಿ ಹಿಡಿಯುತ್ತಾರೆ. ಬಿದ್ದ ಚೂರು ಸಿಕ್ಕರೆ ಎಸೆಯಬೇಡಿ, ಎಲ್ಲಿ ಸಿಕ್ಕಿತು ಅಂತ ಬರೆದು ಕವರಿನಲ್ಲಿಡಿ. ಬಿರುಕಿಗೆ ತುಂಬುವ ಹೊಸ ಸಿಮೆಂಟು ಹಳೆಯ ಗಾರೆಗಿಂತ ಗಟ್ಟಿಯಾಗಿರಬಾರದು, ಇಲ್ಲದಿದ್ದರೆ ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ.

ಹಂತ 8: ಬಣ್ಣ ಹಚ್ಚುವುದು, ಎಷ್ಟು ಹಚ್ಚುವುದು?

ಇಲ್ಲಿ ಜಗಳಗಳಾಗುತ್ತವೆ, ಆಗಬೇಕಾದದ್ದೇ. ಎರಡು ದಾರಿಗಳಿವೆ.

ಒಂದು, ಬಿದ್ದುಹೋದ ಜಾಗಕ್ಕೆ ಮಾತ್ರ ಬಣ್ಣ ತುಂಬುವುದು. ಇದಕ್ಕೆ ಇನ್‌ಪೇಂಟಿಂಗ್ ಅನ್ನುತ್ತಾರೆ. ಉಳಿದಿರುವ ಮೂಲ ಬಣ್ಣದ ಮೇಲೆ ಒಂದು ಕೂದಲಷ್ಟೂ ಹೋಗಬಾರದು. ಕೆಲವೊಮ್ಮೆ ಅಷ್ಟನ್ನೂ ಮಾಡುವುದಿಲ್ಲ. ಮೆಕ್ಸಿಕೊದ ಕಲಾವಿದ ಸಿಕೇರೊಸ್ 1932ರಲ್ಲಿ ಲಾಸ್ ಏಂಜಲೀಸ್‌ನ ಓಲ್ವೆರಾ ಬೀದಿಯಲ್ಲಿ ಬರೆದ 'ಅಮೇರಿಕಾ ಟ್ರಾಪಿಕಲ್' ಗೋಡೆಗೆ ಸುಣ್ಣ ಬಳಿದು ಮುಚ್ಚಿದ್ದರು. 1970ರ ದಶಕದ ಚಿಕಾನೊ ಕಲಾವಿದರಿಗೆ ಆ ಗೋಡೆಯೇ ಪ್ರೇರಣೆ. ಗೆಟ್ಟಿ ಸಂರಕ್ಷಣಾ ಸಂಸ್ಥೆ ಮತ್ತು ನಗರ ಸೇರಿ 2012ರಲ್ಲಿ ಅದನ್ನು ಮತ್ತೆ ಜನರಿಗೆ ತೆರೆದಾಗ ಚಿತ್ರಕ್ಕೆ ಹೊಸ ಬಣ್ಣ ಹಚ್ಚಲಿಲ್ಲ. ಉಳಿದದ್ದನ್ನು ಗಟ್ಟಿ ಮಾಡಿ, ಮೇಲೆ ನೆರಳು ಕಟ್ಟಿದರು. ಮಂಕಾಗಿದೆ, ಆದರೆ ಇರುವುದಷ್ಟೂ ಅವರ ಕೈಯದೇ.

ಇನ್ನೊಂದು, ಬರೆದವರೇ ಬಂದು ಮತ್ತೆ ಬರೆಯುವುದು. ಶಿಕಾಗೊದ ಪಿಲ್ಸೆನ್ ಬಡಾವಣೆಯಲ್ಲಿ ಕಾಸಾ ಅಸ್ತ್ಲಾನ್ ಕಟ್ಟಡದ ಮೇಲೆ ರೇ ಪಾಟ್ಲಾನ್ ಬರೆದಿದ್ದ ಚಿತ್ರಗಳನ್ನು 2017ರಲ್ಲಿ ಬೂದು ಬಣ್ಣ ಬಳಿದು ಮುಚ್ಚಿದರು. ಕೇರಿ ಎದ್ದು ನಿಂತಿತು, ಪಾಟ್ಲಾನ್ ಮರಳಿ ಬಂದು ಹೊಸದಾಗಿ ಬರೆದರು. ಚಿಕಾನೊ ಪಾರ್ಕ್‌ನಲ್ಲೂ 2011-12ರ ದೊಡ್ಡ ಕೆಲಸದಲ್ಲಿ ಮೂಲ ಕಲಾವಿದರು ಮತ್ತೆ ಕಂಬ ಹತ್ತಿದರು. ಲಾಸ್ ಏಂಜಲೀಸ್‌ನ 'ಗ್ರೇಟ್ ವಾಲ್' ಅರ್ಧ ಮೈಲಿ ಉದ್ದ, 2,754 ಅಡಿ. 1976ರಿಂದ ಶುರುವಾಗಿ ಹಲವು ಬೇಸಿಗೆಗಳಲ್ಲಿ 400ಕ್ಕೂ ಹೆಚ್ಚು ಹುಡುಗ ಹುಡುಗಿಯರು ಬಾಕಾ ಅವರ ಜೊತೆ ಬರೆದದ್ದು. 2011ರಲ್ಲಿ ಅದನ್ನು ಸರಿಪಡಿಸಿದರು.

ನನ್ನ ಅಭಿಪ್ರಾಯ ಹೇಳುತ್ತೇನೆ. ಬರೆದವರು ಬದುಕಿದ್ದು, ಬರಲು ಒಪ್ಪಿದರೆ ಮರುಬರಹದ ನಿರ್ಧಾರ ಅವರದು. ಅವರಿಲ್ಲದಿದ್ದರೆ ಇನ್‌ಪೇಂಟಿಂಗ್ ಸಾಕು. ಚೆನ್ನಾಗಿ ಚಿತ್ರ ಬಿಡಿಸಲು ಬರುತ್ತದೆ ಅನ್ನುವುದು ಬೇರೆಯವರ ಮುಖಕ್ಕೆ ಕಣ್ಣು ತಿದ್ದಲು ಅರ್ಹತೆ ಅಲ್ಲ. ಮುಖ, ಕೈ, ಹೆಸರು, ಸಹಿ ಈ ನಾಲ್ಕನ್ನು ಸ್ವಯಂಸೇವಕರು ಮುಟ್ಟಲೇಬಾರದು.

ಇನ್‌ಪೇಂಟಿಂಗ್ ಮಾಡುವಾಗ ಮೊದಲು ಆ ಜಾಗಕ್ಕೆ ತೆಳುವಾಗಿ ಪಾರದರ್ಶಕ ಪದರ ಹಚ್ಚಿ. ನಾಳೆ ನಿಮ್ಮ ಕೆಲಸ ಬೇಡ ಅನ್ನಿಸಿದರೆ ಅದನ್ನು ಮಾತ್ರ ತೆಗೆಯಲು ದಾರಿ ಇರಬೇಕು. ಕಲಾವಿದರ ದರ್ಜೆಯ ಅಕ್ರಿಲಿಕ್ ಬಳಸಿ. ಡಬ್ಬಿಯ ಮೇಲೆ ಬಿಸಿಲು ತಡೆಯುವ ಶಕ್ತಿ ಎಷ್ಟು ಅಂತ ಬರೆದಿರುತ್ತದೆ, ಎಎಸ್‌ಟಿಎಂ 1 ಅನ್ನುವುದು ಮೇಲಿನ ದರ್ಜೆ. ಹಳೆಯ ಗೋಡೆಗಳು ನೀಲಿಗಟ್ಟಿದ ಹಾಗೆ ಕಾಣುವುದನ್ನು ನೀವು ಗಮನಿಸಿರಬಹುದು. ಅಗ್ಗದ ಕೆಂಪು, ಹಳದಿ ಮೊದಲು ಬಿಸಿಲಿಗೆ ಹೋಗುತ್ತವೆ, ನೀಲಿ ಉಳಿಯುತ್ತದೆ.

ಎಲ್ಲರೂ ಮಾಡುವ ತಪ್ಪು ಒಂದಿದೆ. 1975ರ ಫೋಟೊ ನೋಡಿ ಆ ಬಣ್ಣ ಕಲಸುತ್ತಾರೆ. ಸುತ್ತಲಿನ ಬಣ್ಣ ಮಾಸಿದೆ, ನಿಮ್ಮ ತುಂಡು ಹೊಸ ತೇಪೆಯ ಹಾಗೆ ಹೊಳೆಯುತ್ತದೆ. ಇವತ್ತು ಪಕ್ಕದಲ್ಲಿ ಇರುವ ಬಣ್ಣಕ್ಕೆ ಹೊಂದಿಸಿ. ಅದೂ ಹಗಲು ಬೆಳಕಿನಲ್ಲಿ, ಒಂದು ಕಾರ್ಡ್ ಮೇಲೆ ಹಚ್ಚಿ, ಒಣಗಿಸಿ, ಗೋಡೆ ಪಕ್ಕ ಹಿಡಿದು ನೋಡಿ. ಅಕ್ರಿಲಿಕ್ ಒಣಗಿದಾಗ ಒಂದು ಛಾಯೆ ಕಪ್ಪಾಗುತ್ತದೆ.

ಹಂತ 9: ಮುಂದಿನ ಸಲಕ್ಕೆ ಕವಚ

ಮತ್ತೆ ಗೀಚುತ್ತಾರೆ. ಹಾಗಂತ ತಿಳಿದೇ ಸಿದ್ಧ ಮಾಡಬೇಕು. ಬಣ್ಣ ಹಚ್ಚಿ ಕನಿಷ್ಠ ಎರಡು ವಾರ ಒಣಗಲು ಬಿಡಿ. ಆಮೇಲೆ ತೆಳುವಾದ ಅಕ್ರಿಲಿಕ್ ಪದರ ಒಂದು, ಇದು ಚಿತ್ರಕ್ಕೂ ವಾರ್ನಿಷ್‌ಗೂ ನಡುವಿನ ತಡೆ. ಅದರ ಮೇಲೆ ಮಿನರಲ್ ಸ್ಪಿರಿಟ್ಸ್‌ನಲ್ಲಿ ಕರಗುವ, ಬಿಸಿಲಿನ ನೇರಳಾತೀತ ಕಿರಣ ತಡೆಯುವ ವಾರ್ನಿಷ್ ಎರಡು ತೆಳು ಕೋಟು. ಜನ ಜಾಸ್ತಿ ಮುಟ್ಟುವ ಕೆಳಗಿನ 8 ಅಡಿಗೆ ಮೇಣದಂಥ ಬಲಿಪದರ ಹಚ್ಚುವುದೂ ಉಂಟು: ಗೀಚಿದರೆ ಬಿಸಿನೀರಿನಲ್ಲಿ ಪದರವೇ ಹೋಗುತ್ತದೆ, ಮತ್ತೆ ಹೊಸದು ಹಚ್ಚಬೇಕು.

ಗಾಜಿನ ಹಾಗೆ ಗಟ್ಟಿಯಾಗುವ ಪಾಲಿಯುರೆಥೇನ್ ಒಮ್ಮೆ ಹಚ್ಚಿದರೆ ಮುಗೀತು ಅಂತ ಮಾರುವವರು ಹೇಳುತ್ತಾರೆ. ಉಸಿರಾಡದ ಪದರದ ಹಿಂದೆ ಗೋಡೆಯ ತೇವ ಸಿಕ್ಕಿಹಾಕಿಕೊಂಡರೆ ಬಣ್ಣವನ್ನೇ ತಳ್ಳಿಕೊಂಡು ಹಾಳೆ ಹಾಳೆಯಾಗಿ ಬೀಳುತ್ತದೆ. ತೆಗೆಯಲೂ ಆಗುವುದಿಲ್ಲ. ನನಗೆ ಅದು ಬೇಡ.

10 ಡಿಗ್ರಿ ಸೆಲ್ಸಿಯಸ್‌ಗಿಂತ ಚಳಿ ಇದ್ದಾಗ, ಬೆಳಗಿನ ಮಂಜು ಆರುವ ಮುಂಚೆ ವಾರ್ನಿಷ್ ಹಚ್ಚಬೇಡಿ, ಹಾಲಿನ ಹಾಗೆ ಬೆಳ್ಳಗಾಗುತ್ತದೆ.

ಹಂತ 10: ಕೆಲಸ ಮುಗಿದ ಮೇಲೆ

ಎಲ್ಲಿ, ಯಾವ ದ್ರಾವಕ, ಯಾವ ಬಣ್ಣ, ಯಾವ ವಾರ್ನಿಷ್, ಎಷ್ಟು ಕೋಟು, ಯಾವ ದಿನ ಅಂತ ಎರಡು ಪುಟ ಬರೆಯಿರಿ. ಒಂದು ಪ್ರತಿ ಸಮಿತಿಗೆ, ಒಂದು ಗೋಡೆಯವರಿಗೆ, ಒಂದು ಕಲಾವಿದರಿಗೆ. ನಗರದ ಬಣ್ಣ ಬಳಿಯುವ ವಿಭಾಗಕ್ಕೆ ಈ ಗೋಡೆಯ ವಿಳಾಸ, ಫೋಟೊ ಕಳಿಸಿ, ಇದು ಕಲಾಕೃತಿ, ಬೂದು ಬಣ್ಣ ಹಚ್ಚುವ ಮುಂಚೆ ಈ ನಂಬರಿಗೆ ಕರೆ ಮಾಡಿ ಅಂತ ತಿಳಿಸಿ. ಇದೊಂದು ಕಾಗದ ಎಷ್ಟೋ ಚಿತ್ರ ಉಳಿಸುತ್ತದೆ.

ಆರು ತಿಂಗಳಿಗೊಮ್ಮೆ ಹೋಗಿ ಅದೇ ಜಾಗದಲ್ಲಿ ನಿಂತು ಅದೇ ಫೋಟೊ ತೆಗೆಯಿರಿ. ಗೋಡೆಗೆ ತಾಗುವ ಬಳ್ಳಿ, ಗಿಡ ಕತ್ತರಿಸಿ. ಪಕ್ಕದ ಅಂಗಡಿಯವರ ಹತ್ತಿರ ಸಮಿತಿಯ ಫೋನ್ ನಂಬರ್ ಇರುವ ಚೀಟಿ ಕೊಟ್ಟಿರಿ, ದ್ರಾವಕ ಮಾತ್ರ ಯಾರ ಹತ್ತಿರವೂ ಬಿಟ್ಟು ಬರಬೇಡಿ. ಉಳಿದ ಬಣ್ಣವನ್ನು ಗಾಳಿಯಾಡದ ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ಒಂದು ಚುಕ್ಕಿ ಅದೇ ಬಣ್ಣ ಹಚ್ಚಿ, ದಿನಾಂಕ ಮತ್ತು ಚಿತ್ರದ ಯಾವ ಭಾಗದ್ದು ಅಂತ ಬರೆದು ಸಮಿತಿಗೆ ಕೊಡಿ: 'ಕೆಂಪು, ಎಡಗಡೆ ಅಜ್ಜಿಯ ಶಾಲು' ಅನ್ನುವ ಹಾಗೆ. ಮುಂದಿನ ಸಲ ಬರುವವರು ನೀವೇ ಆಗಿರಬೇಕು ಅಂತೇನಿಲ್ಲ.